‘ಪ್ಲೇಟ್’ ಅಂದರೆ ಫಲಕವೇ?

ಗೆಳೆಯರೇ,

ಹಳೆಯ ಹಕ್ಕಿ ಪುಸ್ತಕಗಳ ಬಗ್ಗೆ ಬರೆಯುತ್ತಿದ್ದೇನೆ. ಅಚ್ಚಿನ ಕೆಲಸದ ‘ಪ್ಲೇಟ್’ ಎಂಬ ಒಂದು ಇಂಗ್ಲಿಷ್ ಪದಕ್ಕೆ ಕನ್ನಡ ಹುಡುಕುತ್ತಾ ಮೂರು ದಿನದಿಂದ ಸಿಕ್ಕಿಹಾಕಿಕೊಂಡಿದ್ದೇನೆ. ಸುಮ್ನೆ ‘ಫಲಕ’ ಅಂತ ಬರೆದು ಮುಂದೆ ಹೋಗಬಹುದಿತ್ತು. ಆದರೆ ಫಲಕ ಅಂದ ಕೂಡಲೇ ಕಣ್ಣಿಗೆ ಬರುವುದು ನಾಮಫಲಕ, ಅಲ್ವಾ?

ಹಕ್ಕಿ ಚಿತ್ರಕಾರ ಆಡುಬಾನ್ ಅವರ ‘ಬರ್ಡ್ಸ್ ಆಫ್ ಅಮೆರಿಕ’ (1827–1838) ತೆಗೆದುಕೊಳ್ಳಿ. ಅದರಲ್ಲಿ 435 ಪ್ಲೇಟುಗಳು. ಚಿತ್ರ ಕೊರೆದ ತಾಮ್ರವೂ ಪ್ಲೇಟೇ, ಅದರಿಂದ ಅಚ್ಚಾಗಿ ಕೈಯಲ್ಲಿ ಬಣ್ಣ ತುಂಬಿದ ಹಾಳೆಯೂ ಪ್ಲೇಟೇ. ಮೊದಲನೆಯದಕ್ಕೆ ‘ತಾಮ್ರಪಟ’ ಅಂತ ಬರೆದು ಹೊಡೆದುಹಾಕಿದೆ. ಓದುವವರಿಗೆ ದಾನಶಾಸನ ನೆನಪಾಗುತ್ತದೆ. ‘ತಾಮ್ರದ ತಗಡು’ ಸರಿಹೋಯಿತು.

ಆದರೆ ಹಾಳೆಗೆ ತಗಡು ಅನ್ನಲಾಗದು. ಇಂಗ್ಲೆಂಡಿನ ಪಕ್ಷಿತಜ್ಞ ಜಾನ್ ಗೌಲ್ಡ್ ಅವರ ಹಿಮಾಲಯದ ಹಕ್ಕಿಗಳ ಪುಸ್ತಕಕ್ಕೆ ಅವರ ಹೆಂಡತಿ ಎಲಿಜಬೆತ್ ಗೌಲ್ಡ್ ಚಿತ್ರ ಬರೆದದ್ದು ಕಲ್ಲಿನ ಮೇಲೆ. ಅದು ಕಲ್ಲಚ್ಚು, ತಗಡಿನ ಸೋಂಕೇ ಇಲ್ಲ. ಆದರೂ ಆ 80 ಹಾಳೆಗಳಿಗೂ ಪ್ಲೇಟ್ ಅಂತಲೇ ಹೆಸರು. ಪದ ತಗಡು ಬಿಟ್ಟು ಹಾಳೆಗೆ ಬಂದು ಕೂತಿದೆ. ಅದಕ್ಕೆ ನಾನು ‘ಚಿತ್ರಪುಟ’ ಅಂತ ಬಳಸುತ್ತಿದ್ದೇನೆ. ಆಡುಬಾನ್ ಪುಸ್ತಕದ ಮೊದಲ ಹಾಳೆಗೆ ‘ಚಿತ್ರಪುಟ 1: ಕಾಡು ಟರ್ಕಿಕೋಳಿ’ ಅಂದರೆ ಕಿವಿಗೂ ಹಿತ.

ಫೋಟೋದ ಕಾಲಕ್ಕೆ ಬಂದರೆ ಮೂರನೆಯ ಪ್ಲೇಟ್. ಇಂಗ್ಲೆಂಡಿನ ಹಕ್ಕಿ ಫೋಟೋಗ್ರಾಫರುಗಳಾದ ಕಿಯರ್ಟನ್ ಸೋದರರು 1890ರ ದಶಕದಲ್ಲಿ ಹಕ್ಕಿಗೂಡುಗಳ ಫೋಟೋ ತೆಗೆದದ್ದು ಗಾಜಿನ ಮೇಲೆ. ಒಂದು ಗಾಜಿಗೆ ಒಂದೇ ಫೋಟೋ. ಅದು ನೆಗೆಟಿವ್, ಬೆಳಕಿಗೆ ಹಿಡಿದರೆ ಬಿಳಿ ಮೊಟ್ಟೆ ಕಪ್ಪಾಗಿ ಕಾಣುತ್ತದೆ. ಇದಕ್ಕೆ ‘ಗಾಜಿನ ಪ್ಲೇಟು’ ಅಂತಲೇ ಉಳಿಸಿಕೊಳ್ಳುವುದು ವಾಸಿ ಅನಿಸುತ್ತದೆ. ‘ಗಾಜುಫಲಕ’ ಅಂತ ಹೊಸದಾಗಿ ಕಟ್ಟಿದರೆ ಕಿಟಕಿಯ ಗಾಜು ಅಂದುಕೊಳ್ಳುವವರೇ ಜಾಸ್ತಿ. ಹಕ್ಕಿಗೆ ಕಾಣದಂತೆ ಈ ಸೋದರರು ಅಡಗಿ ಕೂರುತ್ತಿದ್ದ ಜಾಗಕ್ಕೆ ಮಾತ್ರ ನಾನು ಪದ ತಡಕಾಡಲಿಲ್ಲ. ‘ಮರೆ’ ಅನ್ನೋ ಪದ ನಮ್ಮಲ್ಲೇ ಇದೆ. 1900ರಲ್ಲಿ ಅವರು ಪೊಳ್ಳು ಎತ್ತೊಂದನ್ನು ಮಾಡಿಸಿ ಅದರೊಳಗೆ ಕೂತು ಫೋಟೋ ತೆಗೆದರು. ಅದಕ್ಕೂ ‘ಎತ್ತಿನ ಮರೆ’ ಅಂದರೆ ಸಾಕು.

ಇನ್ನೊಂದಕ್ಕೆ ಪದವೇ ಸಿಗುತ್ತಿಲ್ಲ. ತಾಮ್ರದ ತಗಡನ್ನು ಒದ್ದೆ ಕಾಗದದ ಮೇಲೆ ಒತ್ತಿದಾಗ ಅದರ ಅಂಚು ಕಾಗದದಲ್ಲಿ ತಗ್ಗಾಗಿ ಕೂರುತ್ತದೆ. ಚಿತ್ರದ ಸುತ್ತ ಬೆರಳಾಡಿಸಿದರೆ ಆ ಸಣ್ಣ ಮೆಟ್ಟಿಲು ತಾಕುತ್ತದೆ. ಕಲ್ಲಚ್ಚಿನಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ. ಹಾಗಾಗಿ ಹಳೆಯ ಹಾಳೆ ಗುರುತಿಸಲು ಇದು ಬಹಳ ಮುಖ್ಯ. ‘ಒತ್ತುಗೆರೆ’ ಅಂತ ಬರೆದಿಟ್ಟಿದ್ದೇನೆ, ಆದರೆ ಗೆರೆ ಅಂದರೆ ಶಾಯಿಯದು ಅನಿಸಬಹುದು. ‘ತಗಡಿನ ತಗ್ಗು’ ಅನ್ನಲೇ? ಅಚ್ಚಿನ ಕೆಲಸದವರ ಬಾಯಲ್ಲಿ ಇದಕ್ಕೆ ಬೇರೆ ಮಾತು ಕೇಳಿದವರಿದ್ದರೆ ದಯವಿಟ್ಟು ತಿಳಿಸಿ.