ಸಣ್ಣ ಗಡ್ಡೆಗೆ ಇಡೀ ಲೋಬ್ ತೆಗೆಯಬೇಕಾ?

ಸುಮಾ: ಶ್ವಾಸಕೋಶದ ಕ್ಯಾನ್ಸರ್ ಗಡ್ಡೆ 2 ಸೆಂ.ಮೀ. ಒಳಗಿದ್ದು, ಎಲ್ಲೂ ಹರಡದಿದ್ದರೆ ಇಡೀ ಲೋಬ್ (ಶ್ವಾಸಕೋಶದ ಒಂದು ದೊಡ್ಡ ಭಾಗ) ಯಾಕೆ ತೆಗೆಯಬೇಕು? ಅದಿರುವ ಸೆಗ್ಮೆಂಟ್, ಅಂದರೆ ಲೋಬ್ ಒಳಗಿನ ಸಣ್ಣ ಭಾಗ, ತೆಗೆದರೆ ಸಾಕು. 2022ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನ ನೋಡಿ, 1,106 ರೋಗಿಗಳು. ಸೆಗ್ಮೆಂಟ್ ತೆಗೆಸಿಕೊಂಡವರಲ್ಲಿ 5 ವರ್ಷದ ನಂತರ ಬದುಕಿದ್ದವರು ಶೇ. 94.3, ಲೋಬ್ ತೆಗೆಸಿಕೊಂಡವರಲ್ಲಿ ಶೇ. 91.1. ಉಸಿರಿನ ಶಕ್ತಿಯೂ ಉಳಿಯುತ್ತೆ. ಇನ್ನೇನು ಬೇಕು?

ರಘುನಂದನ: 'ಇನ್ನೇನು ಬೇಕು' ಅಂದರೆ? ಅದೇ ಅಧ್ಯಯನದಲ್ಲಿ ಆಸುಪಾಸಿನಲ್ಲೇ ಕ್ಯಾನ್ಸರ್ ಮರುಕಳಿಸಿದ್ದು ಸೆಗ್ಮೆಂಟ್ ಗುಂಪಿನಲ್ಲಿ ಶೇ. 10.5, ಲೋಬ್ ಗುಂಪಿನಲ್ಲಿ ಶೇ. 5.4. ಈ ಸಾಲು ಬಿಟ್ಟಿದ್ದು ಯಾಕೆ? 1995ರಲ್ಲೇ ಉತ್ತರ ಅಮೆರಿಕದ ಅಧ್ಯಯನ ಎಚ್ಚರಿಸಿತ್ತು.

ಹೊಸಹಾದಿ: 1995? ಅದರಲ್ಲಿ 3 ಸೆಂ.ಮೀ. ತನಕದ ಗಡ್ಡೆಗಳೂ ಇದ್ದವು. ಆ ಕಾಲದ ಸ್ಕ್ಯಾನ್ ಎಲ್ಲಿ, ಈಗಿನದ್ದು ಎಲ್ಲಿ!

ಗಿರಿಜಾ: 'ಉಸಿರಿನ ಶಕ್ತಿ ಉಳಿಯುತ್ತೆ' ಅಂತ ಸುಮ್ನೆ ಹೇಳಬೇಡಿ. ಎಷ್ಟು ಉಳಿಯುತ್ತೆ? ವರ್ಷದ ನಂತರ ಎರಡೂ ಗುಂಪಿನ ನಡುವೆ ಬರೀ ಶೇ. 3.5 ವ್ಯತ್ಯಾಸ. ಶೇ. 10 ಇದ್ದರೆ ಮಾತ್ರ ಲೆಕ್ಕಕ್ಕೆ ಅಂತ ಆ ಜಪಾನಿನ ಅಧ್ಯಯನ ಮಾಡಿದವರೇ ಮೊದಲು ಇಟ್ಟುಕೊಂಡಿದ್ದರು.

ಸುಮಾ: ಗಟ್ಟಿ ಇರುವವರಿಗೆ ಶೇ. 3.5 ಸಣ್ಣದು. ನಾಲ್ಕು ಮೆಟ್ಟಿಲು ಹತ್ತಿ ಕಂಬಿ ಹಿಡಿದು ನಿಲ್ಲುವ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘ ಕಾಯಿಲೆ) ರೋಗಿಗೆ?

ಗಿರಿಜಾ: ಲೋಬ್ ತೆಗೆದರೂ ತಡೆದುಕೊಳ್ಳುವವರನ್ನೇ ಅಲ್ಲಿ ಆರಿಸಿದ್ದು. ನಿಮ್ಮ ಕಂಬಿ ಹಿಡಿದವರು ಅದರಲ್ಲಿ ಎಲ್ಲಿದ್ದರು?

ಸುಮಾ: ಅಂದ ಮೇಲೆ ಅಂಥವರಿಗೆ ಲಾಭವಿಲ್ಲ ಅನ್ನೋಕೂ ಆ ಅಂಕಿ ನಿಮಗೆ ಸಿಗಲ್ಲ!

ಗಿರಿಜಾ: ನಾನು ಹಾಗಂದೆನಾ? ಬಾಯಿಗೆ ಮಾತು ತುರುಕಬೇಡಿ. ಉಳಿಯುತ್ತೆ ಅಂದಿದ್ದು ನೀವು, ಸಾಬೀತು ಮಾಡುವುದೂ ನೀವೇ.

ರಘುನಂದನ: ಆಗಿನಿಂದ ಉಸಿರಿನ ಜಗಳವೇ ಆಯ್ತು. ಶೇ. 10.5ಕ್ಕೆ ಉತ್ತರ ಎಲ್ಲಿ?

ಹೊಸಹಾದಿ: ಮರುಕಳಿಸಿದರೆ ಮತ್ತೆ ಚಿಕಿತ್ಸೆ ತಡೆದುಕೊಳ್ಳಲು ಶ್ವಾಸಕೋಶ ಉಳಿದಿರಬೇಕು ಅಲ್ವಾ? ಜಪಾನಿನ ಅಧ್ಯಯನದ ಲೋಬ್ ಗುಂಪಿನಲ್ಲಿ ಬೇರೆ ಕಾಯಿಲೆಗಳಿಂದ ಸತ್ತವರೇ ಜಾಸ್ತಿ. 2023ರ ಅಮೆರಿಕದ ಅಧ್ಯಯನದಲ್ಲಿ 697 ಜನ, ಕಾಯಿಲೆ ಮರಳದೆ 5 ವರ್ಷ ಬದುಕಿದವರು ಸಣ್ಣ ಭಾಗ ತೆಗೆಸಿಕೊಂಡವರಲ್ಲಿ ಶೇ. 63.6, ಲೋಬ್ ತೆಗೆಸಿಕೊಂಡವರಲ್ಲಿ ಶೇ. 64.1. ಎಲ್ಲಿದೆ ವ್ಯತ್ಯಾಸ?

ರಘುನಂದನ: ಅಲ್ಲಿ ಸಣ್ಣ ಭಾಗ ತೆಗೆಸಿಕೊಂಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಮಾಡಿದ್ದು ವೆಡ್ಜ್. ಗಡ್ಡೆಯ ಸುತ್ತ ಒಂದು ತುಂಡು ಕತ್ತರಿಸುವುದು ಬೇರೆ, ರಕ್ತನಾಳ, ಶ್ವಾಸನಾಳ ಬಿಡಿಸಿ ಸೆಗ್ಮೆಂಟ್ ತೆಗೆಯುವುದು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ.

ಪ್ರಭಾಕರ: ಶಸ್ತ್ರಚಿಕಿತ್ಸೆ ನಡೆಯುವಾಗಲೇ ಲಿಂಫ್ ನೋಡ್ (ಕ್ಯಾನ್ಸರ್ ಮೊದಲು ಹರಡಬಹುದಾದ ಸಣ್ಣ ಗ್ರಂಥಿ) ಪರೀಕ್ಷಿಸಿ, ಅಲ್ಲಿ ಕ್ಯಾನ್ಸರ್ ಇಲ್ಲ ಅಂತ ಖಚಿತವಾದವರನ್ನೇ ಆ ಅಮೆರಿಕದ ಅಧ್ಯಯನಕ್ಕೆ ತೆಗೆದುಕೊಂಡಿದ್ದು. ಆ ಪರೀಕ್ಷೆ ಬಿಟ್ಟು ಸಣ್ಣ ಭಾಗ ತೆಗೆದರೆ ಈ ಅಂಕಿಗಳು ನಿಮಗಲ್ಲ. ಇದನ್ನು ಯಾರೂ ಹೇಳುತ್ತಿಲ್ಲ.

ಗಿರಿಜಾ: ಅದಿರಲಿ. ಸುಮಾ ಅವರೇ, ಶೇ. 3.5?