ಮುಳುಗಡೆ ಮನೆಯ ಕದ: ರಂದಾ ಹೊಡೆದರೆ ಚಕ್ಕೆ ಏಳುತ್ತಿದೆ, ಏನು ಮಾಡಲಿ?

ಕಾರಿಲ್ಲದ ಗ್ಯಾರೇಜು (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಾನು ಬಡಿಗ ಅಲ್ಲ, ಬ್ಯಾಂಕಿನಲ್ಲಿ ಕ್ಯಾಶ್ ಎಣಿಸುವವನು. ನವನಗರದಲ್ಲಿ ಮನೆ. ಎರಡು ವರ್ಷದಿಂದ ಕಾರು ಹೊರಗೆ ಬೇವಿನ ಮರದ ಕೆಳಗೆ ನಿಲ್ಲುತ್ತಿದೆ, ಗ್ಯಾರೇಜಿನಲ್ಲಿ ನಾನು ನಿಲ್ಲುತ್ತಿದ್ದೇನೆ. ಮಷಿನ್ ಒಂದೂ ಇಲ್ಲ. ಒಂದು ಗರಗಸ, ಮೂರು ಉಳಿ, ಕೊಡತಿ, ಹಲಗೆ ಕೀಸಲು 4 ನಂಬರಿನ ಕಬ್ಬಿಣದ ರಂದಾ, ಇಷ್ಟೇ. ಹಳೆಯ ಮಂಚದ ಪಟ್ಟಿ ಸೇರಿಸಿ ಬೆಂಚು ಮಾಡಿಕೊಂಡಿದ್ದೇನೆ. ಜೋರಾಗಿ ತಳ್ಳಿದರೆ ಹಲಗೆಯ ಜೊತೆ ಅದೂ ಒಂದು ಗೇಣು ಮುಂದೆ ಹೋಗುತ್ತದೆ.

ಆಲಮಟ್ಟಿ ಹಿನ್ನೀರಿಗೆ ನಮ್ಮ ಹಳೇ ಬಾಗಲಕೋಟೆಯ ಮನೆ ಹೋಯಿತು. ಬಿಟ್ಟು ಬರುವಾಗ ಅಪ್ಪ ತಲೆಬಾಗಿಲಿನ ಕದ ಕಿತ್ತು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದರು. ಪರಿಹಾರದ ದುಡ್ಡು ಖರ್ಚಾಯಿತು, ಕದ ಉಳಿಯಿತು. ಅದರ ಒಂದು ಹಲಗೆಯಲ್ಲಿ ಅವ್ವನಿಗೆ ಕೂರುವ ಮಣೆ ಮಾಡಬೇಕು ಅಂದುಕೊಂಡೆ. ಅವ್ವ ಒಪ್ಪಲಿಲ್ಲ. "ಆ ಕದದ ಮ್ಯಾಲೆ ನಾ ಕುಂದ್ರೂದಿಲ್ಲ. ಗಣಪ್ಪನ್ನ ಕೂಡ್ರಸು" ಅಂದಳು. ಹಾಗಾಗಿ ಈಗ ಅದು ಗಣಪತಿ ಮಣೆ. ಚೌತಿಗೆ ಇನ್ನು ಮೂರು ವಾರ.

ಹಲಗೆ 14 ಇಂಚು ಉದ್ದ, 10 ಇಂಚು ಅಗಲ, ಒಂದು ಇಂಚು ದಪ್ಪ. ಸಾಗವಾನಿ ಅಂತ ಅಪ್ಪ ಹೇಳುತ್ತಿದ್ದರು. ಮೊದಲ ನಾಲ್ಕು ಬೆರಳಷ್ಟು ಜಾಗದಲ್ಲಿ ರಂದಾ ಬೆಣ್ಣೆಯ ಹಾಗೆ ಹೋಗುತ್ತದೆ. ಆಮೇಲೆ ಕರ್ ಅಂತ ಸದ್ದು, ಚಕ್ಕೆ ಏಳುತ್ತದೆ. ತಿರುಗಿಸಿ ಆ ಕಡೆಯಿಂದ ಹೊಡೆದರೆ ಅಲ್ಲಿ ಸರಿ, ಪಕ್ಕದ ಪಟ್ಟಿಯಲ್ಲಿ ಕಿತ್ತು ಬರುತ್ತದೆ. ಇನ್ನೊಂದು, ಪ್ರತಿ ಸಲವೂ ಒಂದೇ ಕಡೆ ಕೂದಲಿನಷ್ಟು ಉಬ್ಬಿದ ಗೆರೆ ಉಳಿಯುತ್ತದೆ. ಸುಮ್ನೆ ಹೊಡೆಯುತ್ತಾ ಹೋದರೆ ಹಲಗೆಯೇ ಸವೆದುಹೋಗುತ್ತದೆ ಅಂತ ನಿಲ್ಲಿಸಿದ್ದೇನೆ. ಇಂಥ ಹಲಗೆ ಮತ್ತೆ ಎಲ್ಲಿಂದ ತರಲಿ?

ಸಾಣೆ (ವಿಜಯಪುರ)

ಉಬ್ಬಿದ ಗೆರೆ ಉಳಿಯುತ್ತದೆ ಅಂದರೆ ಬ್ಲೇಡಿನ ಬಾಯಿ ಆ ಜಾಗದಲ್ಲಿ ಮುಕ್ಕಾಗಿದೆ. ಹಳೆಯ ಕದ ಅಲ್ವಾ, ಒಳಗೆ ಮುರಿದ ಮೊಳೆ ಇರುತ್ತದೆ. ಕೆಟ್ಟ ಸ್ಪೀಕರಿನ ಮ್ಯಾಗ್ನೆಟ್ ದಾರಕ್ಕೆ ಕಟ್ಟಿ ಹಲಗೆಯ ಮೇಲೆ ನಿಧಾನಕ್ಕೆ ಆಡಿಸಿ. ಎಲ್ಲಿ ಎಳೆಯುತ್ತದೋ ಅಲ್ಲಿ ಮೊಳೆ. ಅದನ್ನು ಕೀಳದೆ ರಂದಾ ಮುಟ್ಟಬೇಡಿ.

ಆಮೇಲೆ ಬ್ಲೇಡು ಮಸೆಯಿರಿ. ಒಂದು ದಪ್ಪ ಗಾಜಿನ ಮೇಲೆ ನೀರು ಹಾಕಿ 220, 400, 1000 ನಂಬರಿನ ಪಾಲಿಶ್ ಪೇಪರ್ ಒಂದಾದ ಮೇಲೊಂದು ಅಂಟಿಸಿಕೊಂಡರೆ ಸಾಕು, ದುಬಾರಿ ಕಲ್ಲು ಬೇಡ. ಇಳಿಜಾರು 25 ಡಿಗ್ರಿ ಇರಲಿ, ಕೊನೆಗೆ ತುದಿಗೆ ಮಾತ್ರ 30ರಲ್ಲಿ ನಾಲ್ಕು ಸಲ ಎಳೆಯಿರಿ. ಬೆನ್ನಿಗೆ ಬೆರಳು ಸವರಿದರೆ ಈ ತುದಿಯಿಂದ ಆ ತುದಿಯವರೆಗೆ ಸಣ್ಣ ತರಿ ತಾಗಬೇಕು. ಎಲ್ಲಿ ತಾಗುವುದಿಲ್ಲವೋ ಅಲ್ಲಿ ಇನ್ನೂ ಮಸೆದಿಲ್ಲ ಅಂತ ಅರ್ಥ. ಮುಂಗೈ ಕೂದಲು ಬೋಳಿಸಿ ನೋಡಿ. ನನ್ನ ಎಡಗೈಯಲ್ಲಿ ಕೂದಲೇ ಉಳಿದಿಲ್ಲ.

ಪ್ಯಾಟರ್ನ್ ಶಾಪ್ (ಬೆಳಗಾವಿ)

ನಾನು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ 31 ವರ್ಷ ಕಟ್ಟಿಗೆಯ ಪ್ಯಾಟರ್ನ್, ಅಂದರೆ ಎರಕದ ಅಚ್ಚು ತೆಗೆಯುವ ಮಾದರಿ, ಮಾಡಿದವನು. ಎರಕ ತಣ್ಣಗಾದಾಗ ಶೇಕಡಾ ಒಂದರಷ್ಟು ಕುಗ್ಗುತ್ತದೆ ಅಂತ ನಮ್ಮ ಸ್ಕೇಲೇ ಅಷ್ಟು ದೊಡ್ಡದು ಇರುತ್ತಿತ್ತು. ಮನೆಗೆ ಬಂದು ಆ ಸ್ಕೇಲಿನಲ್ಲೇ ಮೊಮ್ಮಗಳಿಗೆ ಕಪಾಟು ಮಾಡಿ ಬೈಸಿಕೊಂಡಿದ್ದೇನೆ. ಅದಿರಲಿ.

ತಮ್ಮಾ, ಬ್ಲೇಡಿನ ಮೇಲೆ ಇನ್ನೊಂದು ಕಬ್ಬಿಣದ ಪಟ್ಟಿ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಅದು ಬ್ಲೇಡು ಅಲುಗದಿರಲಿ ಅಂತ ಮಾತ್ರ ಅಲ್ಲ. ಬ್ಲೇಡು ಎಬ್ಬಿಸಿದ ಸುರುಳಿಯನ್ನು ಆ ಪಟ್ಟಿ ತಕ್ಷಣ ಮುಂದಕ್ಕೆ ಬಗ್ಗಿಸಿ ಮುರಿಯುತ್ತದೆ. ಆಗ ಸೀಳು ಹಲಗೆಯ ಒಳಗೆ ಇಳಿಯುವುದಿಲ್ಲ, ಚಕ್ಕೆ ಏಳುವುದಿಲ್ಲ. ಹೊಸಬರು ಪಟ್ಟಿಯನ್ನು ತುದಿಯಿಂದ ಎರಡು ಮೂರು ಮಿಲಿಮೀಟರ್ ಹಿಂದೆ ಬಿಟ್ಟಿರುತ್ತಾರೆ. ಅಷ್ಟು ದೂರ ಇದ್ದರೆ ಇದ್ದೂ ಇಲ್ಲದ ಹಾಗೆ. ನೋಟ್‌ಬುಕ್ಕಿನ ಎರಡು ಹಾಳೆಯ ದಪ್ಪಕ್ಕೆ ತನ್ನಿ. ಬೆಳಕಿಗೆ ಹಿಡಿದಾಗ ಪಟ್ಟಿಗೂ ಬ್ಲೇಡಿಗೂ ನಡುವೆ ಸಂದು ಕಾಣಬಾರದು, ಕಂಡರೆ ಸುರುಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬ್ಲೇಡು ತೀರಾ ಕಡಿಮೆ ಹೊರಗೆ ಬಿಡಿ. ರಂದಾದ ತಳಕ್ಕೆ ಮೇಣದಬತ್ತಿ ಎರಡು ಗೀಟು ಎಳೆಯಿರಿ, ಬೆಂಚು ಓಡುವುದೂ ಕಡಿಮೆಯಾದೀತು.

ಮಗ್ಗದ ಮನೆ (ಗುಳೇದಗುಡ್ಡ)

ಹಿರಿಯರು ಹೇಳಿದ್ದು ಸರಿ. ಆದರೆ ಅಣ್ಣಾರೆ, ಅದು ಸಾಗವಾನಿ ಹೌದೋ ಅಲ್ಲವೋ ಮೊದಲು ನೋಡಿ. ನಮ್ಮಪ್ಪ ಮಗ್ಗ ರಿಪೇರಿ ಮಾಡುತ್ತಿದ್ದರು, ಹಳೇ ಮನೆ ಕೆಡವಿದಾಗ ಬಂದ ಕಟ್ಟಿಗೆಯನ್ನೇ ತರುತ್ತಿದ್ದರು. ಮನೆಯವರು ಎಲ್ಲವನ್ನೂ ಸಾಗವಾನಿ ಅಂತಲೇ ಅನ್ನುತ್ತಿದ್ದರು. ಅದರಲ್ಲಿ ಎಷ್ಟೋ ಮತ್ತಿ ಮರದ್ದು ಇರುತ್ತಿತ್ತು. ಮತ್ತಿಯಲ್ಲಿ ಎಷ್ಟೋ ಸಲ ನಾರು ಜಡೆಯ ಹಾಗೆ ಹೆಣೆದುಕೊಂಡಿರುತ್ತದೆ. ಒಂದು ಪಟ್ಟಿ ಈ ಕಡೆ ಮಲಗಿದ್ದರೆ ಪಕ್ಕದ್ದು ಆ ಕಡೆ. ನೀವು ಹೇಳಿದ ಲಕ್ಷಣ ಅದೇ.

ತೂಕ ಮಾಡಿ. ನಿಮ್ಮ ಅಳತೆಗೆ ಸಾಗವಾನಿ ಆದರೆ ಒಂದೂವರೆ ಕೆಜಿ ಆಸುಪಾಸು ಬರಬೇಕು. ಮತ್ತಿ ಆದರೆ 1 ಕೆಜಿ 800 ಗ್ರಾಂ ದಾಟುತ್ತದೆ. ಕೀಸಿದ ಸುರುಳಿ ಮೂಸಿಯೂ ನೋಡಿ. ಸಾಗವಾನಿಗೆ ಚರ್ಮದಂಥ ವಾಸನೆ ಇರುತ್ತದೆ, ಬೆರಳಿಗೆ ಎಣ್ಣೆ ಎಣ್ಣೆ ಅನ್ನಿಸುತ್ತದೆ.

ಮತ್ತಿ ಆದರೆ ಕೊನೆಯ ಕೈ ರಂದಾದಿಂದ ಬೇಡ. ಅಪ್ಪ ಒಡೆದ ಗಾಜಿನ ಚೂರಿನಿಂದ ಕೆರೆದು ನುಣ್ಣಗೆ ಮಾಡುತ್ತಿದ್ದರು. ಗಾಜು ಸ್ವಲ್ಪ ಮುಂದಕ್ಕೆ ವಾಲಿಸಿ ಎಳೆದರೆ ಈರುಳ್ಳಿ ಸಿಪ್ಪೆಯಂಥ ಪದರ ಬರುತ್ತದೆ.

ಪ್ಯಾಟರ್ನ್ ಶಾಪ್ (ಬೆಳಗಾವಿ)

ಕೆರೆಯುವುದಕ್ಕೆ ನನ್ನದೂ ಒಪ್ಪಿಗೆ. ಗಾಜಿಗೆ ಮಾತ್ರ ಒಪ್ಪಿಗೆ ಇಲ್ಲ. ನನ್ನ ಹೆಬ್ಬೆರಳಿನಲ್ಲಿ ನಾಲ್ಕು ಹೊಲಿಗೆ ಇವೆ. ಹಳೆಯ ಗರಗಸದ ಅಲಗು ಅಂಗೈಯಷ್ಟು ಅಗಲ ಕತ್ತರಿಸಿ, ಅಂಚು ಅರದಿಂದ ನೇರ ಮಾಡಿ, ಉಳಿಯ ಬೆನ್ನಿನಿಂದ ಒತ್ತಿ ಸಣ್ಣ ಕೊಕ್ಕೆ ಎಬ್ಬಿಸಿಕೊಳ್ಳಿ. ಅದೇ ಕೆಲಸ, ರಕ್ತ ಇಲ್ಲ.

ಕಾರಿಲ್ಲದ ಗ್ಯಾರೇಜು (ಬಾಗಲಕೋಟೆ)

ಎರಡು ಭಾನುವಾರ ಆಯಿತು, ಈಗ ಬರೆಯುತ್ತಿದ್ದೇನೆ.

ಮೊಳೆ ಸಿಕ್ಕಿತು. ತಲೆ ಇಲ್ಲದ್ದು, ಅಕ್ಕಿ ಕಾಳಿನಷ್ಟು, ಸುತ್ತ ಕಪ್ಪು ಕಲೆ. ತೆಗೆದು ಬ್ಲೇಡು ಮಸೆದೆ, ಉಬ್ಬು ಗೆರೆ ಹೋಯಿತು. ಪಟ್ಟಿ ನಿಜಕ್ಕೂ ಮೂರು ಮಿಲಿಮೀಟರ್ ಹಿಂದೆ ಇತ್ತು. ಮುಂದೆ ತಂದ ಮೇಲೆ ಸುರುಳಿ ನೆಟ್ಟಗೆ ಮೇಲಕ್ಕೆ ಬರುತ್ತಿದೆ, ಕರ್ ಸದ್ದು ಮುಕ್ಕಾಲು ಪಾಲು ನಿಂತಿತು. ಉಳಿದದ್ದನ್ನು ಗರಗಸದ ತುಂಡಿನಿಂದ ಕೆರೆದೆ. ಅರ್ಧ ಗಂಟೆಗೆ ಆ ತುಂಡು ಬಿಸಿಯಾಗಿ ಹೆಬ್ಬೆರಳು ಸುಡುತ್ತದೆ, ಅದನ್ನು ಯಾರೂ ಹೇಳಲಿಲ್ಲ ನೋಡಿ.

ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ. 1 ಕೆಜಿ 900 ಗ್ರಾಂ. ಚರ್ಮದ ವಾಸನೆಯೂ ಇಲ್ಲ, ಎಣ್ಣೆಯೂ ಇಲ್ಲ. ಅಂದರೆ ಮತ್ತಿ. ಅವ್ವನಿಗೆ ಹೇಳಿದೆ. "ನಿಮ್ಮಪ್ಪಗ ಗೊತ್ತಿತ್ತು" ಅಂದಳು, ಮತ್ತೇನೂ ಹೇಳಲಿಲ್ಲ.

ಒಂದು ಮೂಲೆಯಲ್ಲಿ ಚಕ್ಕೆ ಎದ್ದ ಗುರುತು ಆಳವಾಗಿದೆ. ಅದನ್ನು ಗಣಪನ ಹಿಂದೆ ಬರುವ ಹಾಗೆ ತಿರುಗಿಸಿದ್ದೇನೆ. ಮನೆಯಲ್ಲಿ ಅಗಸೆ ಎಣ್ಣೆ ಇದೆ, ಅದನ್ನೇ ಹಚ್ಚಬಹುದಾ?

ಸಾಣೆ (ವಿಜಯಪುರ)

ಹಚ್ಚಿ, ಆದರೆ ಇವತ್ತೇ ಶುರು ಮಾಡಿ. ಹಸಿ ಅಗಸೆ ಎಣ್ಣೆ ಒಣಗಲು ದಿನಗಟ್ಟಲೆ ಬೇಕು. ತೆಳ್ಳಗೆ ಸವರಿ, ಕಾಲು ಗಂಟೆ ಬಿಟ್ಟು ಮಿಕ್ಕಿದ್ದನ್ನು ಪೂರ್ತಿ ಒರೆಸಿ. ಒರೆಸಿದ ಬಟ್ಟೆ ಮುದ್ದೆ ಮಾಡಿ ಗ್ಯಾರೇಜಿನ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಕೂಡಿ ತಾನೇ ಹೊತ್ತಿಕೊಳ್ಳುತ್ತದೆ. ಹೊರಗೆ ಹಗ್ಗದ ಮೇಲೆ ಬಿಡಿಸಿ ಹಾಕಿ. ಕಾರಿನಿಂದ ದೂರ.