ಅಪ್‌ಡೇಟ್: ವರ್ಟ್‌ನಲ್ಲಿನ ಹಾಪ್ಸ್ ಗಸಿಗೆ ದಾರಿ ಸಿಕ್ಕಿತು

ಪೋರ್ಟ್‌ಲ್ಯಾಂಡ್‌ನ ನಮ್ಮ ಮನೆಯಲ್ಲಿ ಬಿಯರ್ ಮಾಡುವಾಗ ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂವು) ಗಸಿಯಿಂದ ಜರಡಿ ಕಟ್ಟಿಕೊಂಡು ವರ್ಟ್ (ಹುದುಗುವ ಮೊದಲಿನ ಸಿಹಿ ಮಾಲ್ಟ್ ರಸ) ಇಳಿಯುತ್ತಲೇ ಇಲ್ಲ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ, ಈಗ ಸರಿಹೋಯಿತು. ಕೈಹಿಡಿದದ್ದು ಸುಳಿ ಎಬ್ಬಿಸುವ ಸಲಹೆ. ವರ್ಟ್ ತಣಿಸಿದ ಮೇಲೆ ಸ್ಯಾನಿಟೈಸ್ ಮಾಡಿದ ಸೌಟಿನಿಂದ ಒಂದೇ ದಿಕ್ಕಿಗೆ ಜೋರಾಗಿ ತಿರುಗಿಸಿ, ಮುಚ್ಚಳ ಹಾಕಿ 20 ನಿಮಿಷ ಮುಟ್ಟದೆ ಬಿಟ್ಟೆ. ಹಸಿರು ಗಸಿಯೆಲ್ಲ ಪಾತ್ರೆಯ ನಡುವೆ ಗುಡ್ಡೆಯಾಗಿ ಕೂತಿತ್ತು! ಅಂಚಿನಿಂದ ಸೈಫನ್ ಕೊಳವೆ ಹಾಕಿ ತಿಳಿಯನ್ನಷ್ಟೇ ಇಳಿಸಿಕೊಂಡೆ.

ಮಸ್ಲಿನ್ ಬಟ್ಟೆಯಲ್ಲಿ ಸೋಸುವುದು ಕೆಲಸಕ್ಕೆ ಬರಲಿಲ್ಲ. ಪೆಲೆಟ್ ಹಾಪ್ಸ್ (ಪುಡಿಮಾಡಿ ಒತ್ತಿದ ಗುಳಿಗೆ) ಕರಗಿ ನುಣ್ಣನೆ ಕೆಸರಾಗುತ್ತದೆ, ಬಟ್ಟೆಯ ಕಣ್ಣು ಮುಚ್ಚಿಬಿಡುತ್ತದೆ. ಇಡೀ ಹೂವಿನ ಹಾಪ್ಸ್ ಆದರೆ ಜರಡಿಯೇ ಸಾಕು, ಹೂವಿನ ಪದರವೇ ಗಸಿ ತಡೆಯುತ್ತದೆ.

ಆಶ್ಚರ್ಯವಾಗಿದ್ದು ಐರಿಷ್ ಮಾಸ್ ಎಂಬ ಒಣ ಕಡಲಪಾಚಿ. ಕುದಿಯ ಕೊನೆಯ 15 ನಿಮಿಷ ಇರುವಾಗ ಹಾಕಿದರೆ ಪ್ರೋಟೀನ್ ಒಡೆದ ಹಾಲಿನಂತೆ ಗಂಟುಕಟ್ಟಿ, ತಣಿದಾಗ ತಳಕ್ಕಿಳಿಯುತ್ತದೆ. ಇನ್ನು ಸ್ವಲ್ಪ ಗಸಿ ಫರ್ಮೆಂಟರ್‌ಗೆ (ಬಿಯರ್ ಹುದುಗುವ ಪಾತ್ರೆಗೆ) ಹೋದರೂ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಅಲ್ಲೂ ತಳ ಸೇರುತ್ತದೆ.